ಸಹಾಯ ಬೇಕು: ಅಪ್ಪನಿಗೆ ಮೊಟ್ಟೆ ಹೇಗೆ ಮಾಡಿಕೊಡಲಿ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ. ದಿನಾ ಒಂದು ಮೊಟ್ಟೆ ಕೊಡಿ ಅಂದಿದ್ದಾರೆ ಡಾಕ್ಟರು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ, ಅದರಲ್ಲಿ ಅರ್ಧದ ಹತ್ತಿರ ಹತ್ತಿರ ಹಳದಿಯಲ್ಲೇ. ನಮ್ಮಪ್ಪ ಬಿಳಿ ತಿಂದು ಹಳದಿಯನ್ನು ತಟ್ಟೆಯ ಅಂಚಿಗೆ ತಳ್ಳುತ್ತಾರೆ. "ಸೀಮೆಸುಣ್ಣ ತಿಂದ ಹಾಗಿದೆ ಕಣಮ್ಮ" ಅಂತಾರೆ.

ತಪ್ಪು ನನ್ನದೂ ಇದೆ. ಅನ್ನದ ಜೊತೆಗೇ ಕುಕ್ಕರಿಗಿಟ್ಟು ಮೂರು ವಿಸಿಲ್ ಕೂಗಿಸುತ್ತಿದ್ದೆ. ಜಾಸ್ತಿ ಬೆಂದು ಹಳದಿಯ ಸುತ್ತ ಹಸಿರು ಉಂಗುರ, ಒಂಥರಾ ವಾಸನೆ ಬೇರೆ. ಈಗ ಕುದಿಯೋ ನೀರಲ್ಲಿ 10 ನಿಮಿಷ ಇಟ್ಟು ತಣ್ಣೀರಿಗೆ ಹಾಕುತ್ತೇನೆ. ಉಂಗುರ ಹೋಯಿತು, ಅಪ್ಪನ ಸಿಂಡರಿಸಿದ ಮುಖ ಹೋಗಲಿಲ್ಲ!

ಬುರ್ಜಿ ಅಂದರೆ ಇಷ್ಟ. ಆದರೆ ನಾನು ಮಾಡಿದರೆ ಹುರಿದ ರವೆ ಥರ ಉದುರುದುರು. ಹಲ್ಲು ಬೇರೆ ಅಲ್ಲಾಡುತ್ತಿವೆ. ಜಾಸ್ತಿ ಎಣ್ಣೆ ಹಾಕದೆ ಮೆತ್ತಗೆ ಮಾಡೋದು ಹೇಗೆ? ಹಾಲು ಹಾಕಬೇಕಾ, ಉರಿ ಸಣ್ಣ ಮಾಡಬೇಕಾ?

ಇನ್ನೊಂದು, ಕುದಿಯೋ ಸಾರಿಗೆ ಮೊಟ್ಟೆ ಒಡೆದು ಬಿಟ್ಟರೆ ನನಗೆ ಚೂರುಚೂರಾಗುತ್ತದೆ. ಅಮ್ಮ ಬಿಟ್ಟರೆ ಇಡಿಯಾಗಿ ನಿಲ್ಲುತ್ತಿತ್ತು. ಯಾವಾಗ ಸೌಟು ಆಡಿಸಬೇಕು?

ಹಾಫ್ ಬಾಯಿಲ್ ಮಾತ್ರ ಹೇಳಬೇಡಿ. ವಯಸ್ಸಾದವರು, ಪೂರ್ತಿ ಬೆಂದಿರಲೇಬೇಕು.