ಟ್ರೇಡ್ ಗಡುವಿಗೆ ಮುನ್ನ ಮೇಪಲ್ ಲೀಫ್ಸ್ ಕೊಳ್ಳಬೇಕಾದದ್ದು ಯಾರನ್ನು: ಮೂರನೇ ಸಾಲಿನ ಸೆಂಟರನ್ನೋ, ರಕ್ಷಣಾ ಆಟಗಾರನನ್ನೋ?

ಪ್ರಶ್ನೆ (ಮಿಸಿಸಾಗಾದಿಂದ, 23 ಫೆಬ್ರುವರಿ 2025)

ಎಲ್ಲರಿಗೂ ನಮಸ್ಕಾರ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಟ್ರೇಡ್ ಗಡುವು, ಅಂದರೆ ತಂಡಗಳು ಆಟಗಾರರನ್ನು ವಿನಿಮಯ ಮಾಡಿಕೊಳ್ಳಲು ಇರುವ ಕೊನೆಯ ಗಳಿಗೆ, ಮಾರ್ಚ್ 7ರ ಮಧ್ಯಾಹ್ನ 3 ಗಂಟೆಗೆ ಮುಗಿಯುತ್ತದೆ. ಉಳಿದಿರುವುದು ಹನ್ನೆರಡು ದಿನ. ನಮ್ಮ ಟೊರಾಂಟೊ ಮೇಪಲ್ ಲೀಫ್ಸ್ ತಂಡ ಅಟ್ಲಾಂಟಿಕ್ ವಿಭಾಗದ ಮೇಲಿನ ಸ್ಥಾನಗಳಿಗಾಗಿ ಫ್ಲೋರಿಡಾ ಮತ್ತು ಟ್ಯಾಂಪಾ ತಂಡಗಳೊಡನೆ ಪೈಪೋಟಿ ನಡೆಸುತ್ತಿದೆ. ಪ್ಲೇಆಫ್ ತಲುಪುವುದರ ಬಗ್ಗೆ ಚಿಂತೆಯಿಲ್ಲ, ಅಲ್ಲಿಂದ ಮುಂದಿನದೇ ಚಿಂತೆ. 1967ರ ನಂತರ ಲೀಗಿನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಈ ಊರಿಗೆ ಬಂದಿಲ್ಲ, 2004ರ ನಂತರ ಗೆದ್ದಿರುವುದು ಒಂದೇ ಒಂದು ಪ್ಲೇಆಫ್ ಸರಣಿ.

ಮ್ಯಾಥ್ಯೂಸ್, ಮಾರ್ನರ್, ನೈಲಾಂಡರ್, ಟವಾರೆಸ್ ಇರುವ ತಂಡಕ್ಕೆ ಇನ್ನೊಬ್ಬ ತಾರೆ ಬೇಕೆಂದು ನನಗೆ ಅನ್ನಿಸುವುದಿಲ್ಲ. ಕೊರತೆ ಇರುವುದು ಕೆಳಗಿನ ಸಾಲುಗಳಲ್ಲಿ, ಅಂದರೆ ಸರದಿಯಂತೆ ಮಂಜಿಗಿಳಿಯುವ ಮೂವರು ಮುಂಪಡೆಯವರ ಗುಂಪುಗಳಲ್ಲಿ ಮೂರನೆಯ ಮತ್ತು ನಾಲ್ಕನೆಯದರಲ್ಲಿ. ಮ್ಯಾಥ್ಯೂಸ್ ಮತ್ತು ಟವಾರೆಸ್ ನಂತರದ ಸೆಂಟರ್ (ಸಾಲಿನ ನಡುವಿನ ಆಟಗಾರ) ಯಾರು ಎಂಬುದಕ್ಕೆ ಕೋಚ್ ಬೆರೂಬೆ ಅವರಿಗೂ ಇನ್ನೂ ಒಂದು ಖಚಿತ ಉತ್ತರ ಸಿಕ್ಕಂತಿಲ್ಲ. ಡೋಮಿ, ಹೋಮ್‌ಬರ್ಗ್, ಕಾಂಫ್ ಸರದಿಯಂತೆ ಬಂದು ಹೋಗುತ್ತಿದ್ದಾರೆ. ರಕ್ಷಣೆಯಲ್ಲಿ ಮಾರ್ಗನ್ ರೈಲಿಯ ಜೊತೆಗಾರನ ಜಾಗ ವರ್ಷಗಳಿಂದ ಭರ್ತಿಯಾಗದೆ ಉಳಿದಿದೆ.

ಆದರೆ ಕೊಡಲು ನಮ್ಮ ಕೈಯಲ್ಲಿ ಏನಿದೆ? 2025ರ ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ) ಎರಡು ವರ್ಷಗಳ ಹಿಂದೆಯೇ ಜೇಕ್ ಮೆಕೇಬ್ ವ್ಯವಹಾರದಲ್ಲಿ ಷಿಕಾಗೋಗೆ ಹೋಯಿತು. ಉಳಿದಿರುವುದು 2026 ಮತ್ತು 2027ರ ಪಿಕ್‌ಗಳು, ಈಸ್ಟನ್ ಕೋವನ್, ಫ್ರೇಸರ್ ಮಿಂಟೆನ್, ಬೆನ್ ಡ್ಯಾನ್‌ಫರ್ಡ್, ನಿಕಿತಾ ಗ್ರೆಬೆಂಕಿನ್ ಮುಂತಾದ ಹುಡುಗರು. ಫಿಲಡೆಲ್ಫಿಯಾದ ಸ್ಕಾಟ್ ಲಾಟನ್ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಮೂರನೇ ಸಾಲಿನ ಒಬ್ಬ ಆಟಗಾರನಿಗಾಗಿ ಮೊದಲ ಸುತ್ತಿನ ಪಿಕ್ ಬಿಟ್ಟುಕೊಡುವುದು ವಿವೇಕವೇ? ಹಳೆಯ ಉದಾಹರಣೆಗಳನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಟ್ಯಾಂಪಾದಿಂದ, 24 ಫೆಬ್ರುವರಿ)

ನೀವು ಕೇಳಿರುವ ಪ್ರಶ್ನೆಯನ್ನೇ ಐದು ವರ್ಷಗಳ ಹಿಂದೆ ಇಲ್ಲಿ ನಾವೆಲ್ಲ ಕೇಳಿಕೊಂಡಿದ್ದೆವು. 2019ರಲ್ಲಿ ಟ್ಯಾಂಪಾ ಬೇ ಲೈಟ್ನಿಂಗ್ 62 ಪಂದ್ಯಗಳನ್ನು ಗೆದ್ದು 128 ಅಂಕ ಗಳಿಸಿ, ಮೊದಲ ಸುತ್ತಿನಲ್ಲಿ ಕೊಲಂಬಸ್ ಎದುರು ಒಂದೂ ಪಂದ್ಯ ಗೆಲ್ಲದೆ ಮನೆಗೆ ಬಂದಿತ್ತು. ಮರುವರ್ಷದ ಫೆಬ್ರುವರಿಯಲ್ಲಿ ವ್ಯವಸ್ಥಾಪಕ ಜೂಲಿಯನ್ ಬ್ರೀಸ್‌ಬುವಾ ಇಬ್ಬರನ್ನು ತಂದರು. ನ್ಯೂಜೆರ್ಸಿಯ ಬ್ಲೇಕ್ ಕೋಲ್‌ಮನ್‌ಗಾಗಿ ಒಂದು ಮೊದಲ ಸುತ್ತಿನ ಪಿಕ್ಕನ್ನೂ ನೋಲನ್ ಫೂಟ್ ಎಂಬ ಭರವಸೆಯ ಹುಡುಗನನ್ನೂ ಕೊಟ್ಟರು. ಸ್ಯಾನ್ ಹೋಸೆಯ ಬಾರ್ಕ್ಲಿ ಗುಡ್ರೋಗಾಗಿ ಇನ್ನೊಂದು ಮೊದಲ ಸುತ್ತಿನ ಪಿಕ್ ಕೊಟ್ಟರು. ಇಬ್ಬರೂ ಮೂರನೇ ಸಾಲಿನವರು. ಗುಡ್ರೋನಂಥವನಿಗೆ ಇಷ್ಟು ಬೆಲೆಯೇ ಎಂದು ಅಂದು ಆಡಿಕೊಂಡವರು ಬಹಳ ಮಂದಿ, ಅವರಲ್ಲಿ ನಾನೂ ಒಬ್ಬ.

ಯಾನಿ ಗೋರ್ಡ್ ನಡುವೆ ನಿಂತು, ಇವರಿಬ್ಬರು ಅಕ್ಕಪಕ್ಕ ನಿಂತ ಮೇಲೆ ತಂಡದ ನಡಿಗೆಯೇ ಬದಲಾಯಿತು. ಕೋಚ್ ಜಾನ್ ಕೂಪರ್ ಅನೇಕ ಪಂದ್ಯಗಳನ್ನು ಈ ಸಾಲಿನಿಂದಲೇ ಆರಂಭಿಸುತ್ತಿದ್ದರು. ಎದುರಾಳಿಯ ಅತ್ಯುತ್ತಮ ಸಾಲನ್ನು ತಡೆಯುವ ಭಾರವನ್ನು ಇವರು ಹೊತ್ತುಕೊಂಡದ್ದರಿಂದ ಪಾಯಿಂಟ್ ಮತ್ತು ಕುಚೆರೊವ್ ಗೋಲು ಹೊಡೆಯುವ ಕೆಲಸಕ್ಕೆ ಬಿಡುವಾದರು. 2020ರಲ್ಲಿ ಕಪ್ ಬಂತು, 2021ರಲ್ಲಿಯೂ ಬಂತು.

2021ರ ಫೈನಲ್‌ನ ಎರಡನೇ ಪಂದ್ಯ ನೆನಪಿಸಿಕೊಳ್ಳಿ. ಎದುರಾಳಿ ಮಾಂಟ್ರಿಯಲ್, ಸ್ಕೋರು 1-1, ಎರಡನೇ ಅವಧಿ ಮುಗಿಯಲು ಉಳಿದಿದ್ದದ್ದು ಕೆಲವೇ ಸೆಕೆಂಡು. ಗುಡ್ರೋ ಎಡೆಬಿಡದೆ ಪಕ್ಕನ್ನು ಹೊತ್ತು ತಂದು ಮುಂದಕ್ಕೆ ತಳ್ಳಿದರು. ರಕ್ಷಣಾ ಆಟಗಾರನ ಬೆನ್ನಿಗೇ ಬಂದ ಕೋಲ್‌ಮನ್ ಮೈಯನ್ನು ಮಂಜಿನ ಮೇಲೆ ಚೆಲ್ಲಿ, ಬೀಳುತ್ತಲೇ ಒಂದೇ ಕೈಯಲ್ಲಿ ಸ್ಟಿಕ್ ಚಾಚಿ ಅದನ್ನು ಕ್ಯಾರಿ ಪ್ರೈಸ್ ದಾಟಿಸಿದರು. ಎರಡು ಮೊದಲ ಸುತ್ತಿನ ಪಿಕ್‌ಗಳಿಗೆ ಬಂದ ಇಬ್ಬರೂ ಆ ಒಂದು ಗೋಲಿನಲ್ಲಿದ್ದರು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಇಬ್ಬರ ಒಪ್ಪಂದವೂ ಮುಂದಿನ ಋತುವಿನವರೆಗೆ ಇತ್ತು. ಕೋಲ್‌ಮನ್ ಸಂಬಳ ಮಿತಿಯಲ್ಲಿ (ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕುವ ಮಿತಿ) ಹಿಡಿಯುತ್ತಿದ್ದದ್ದು 18 ಲಕ್ಷ ಡಾಲರ್, ಗುಡ್ರೋ 9.25 ಲಕ್ಷ ಡಾಲರ್ ಮಾತ್ರ. ಆದ್ದರಿಂದ ಬ್ರೀಸ್‌ಬುವಾ ಕೊಂಡದ್ದು ಎರಡು ತಿಂಗಳ ಬಾಡಿಗೆ ಆಟಗಾರರನ್ನಲ್ಲ, ಎರಡು ಪ್ಲೇಆಫ್‌ಗಳನ್ನು. ಲಾಟನ್ ಒಪ್ಪಂದ 2026ರವರೆಗೆ ಇರುವುದರಿಂದ ನಿಮ್ಮ ಲೆಕ್ಕವನ್ನೂ ಹಾಗೆಯೇ ಹಾಕಬೇಕು.

ಉತ್ತರ (ಮಡಿಕೇರಿಯಿಂದ, 24 ಫೆಬ್ರುವರಿ)

ಕೊಡಗಿನವನಾದ ನನಗೆ ಹಾಕಿ ಎಂದರೆ ಮೊದಲು ನೆನಪಾಗುವುದು ಬಯಲಿನ ಹಾಕಿ. ಆದರೂ ಹತ್ತು ವರ್ಷ ಬಾಸ್ಟನ್ನಿನಲ್ಲಿದ್ದು ಐಸ್ ಹಾಕಿಯ ಅಭಿಮಾನಿಯಾದೆ. ಟ್ಯಾಂಪಾದವರ ಮಾತಿಗೆ ನನ್ನ ಒಂದು ಆಕ್ಷೇಪವಿದೆ. ಗೆದ್ದ ತಂಡ ಗಡುವಿಗೆ ಮುನ್ನ ಯಾರನ್ನೋ ಕೊಂಡಿರುತ್ತದೆ, ಸರಿ. ಸೋತ ತಂಡವೂ ಕೊಂಡಿರುತ್ತದೆ. ಗೆದ್ದವರ ಖರೀದಿ ಮಾತ್ರ ನಮ್ಮ ನೆನಪಿನಲ್ಲಿ ಉಳಿಯುತ್ತದೆ.

2023ರಲ್ಲಿ ಬಾಸ್ಟನ್ ಬ್ರೂಯಿನ್ಸ್ ವಾಷಿಂಗ್ಟನ್ನಿನಿಂದ ಓರ್ಲೊವ್ ಮತ್ತು ಹ್ಯಾಥವೇ ಅವರನ್ನು, ಡೆಟ್ರಾಯ್ಟ್‌ನಿಂದ ಬರ್ಟೂಝಿಯನ್ನು ತಂದಿತು. ಈ ಎರಡು ವ್ಯವಹಾರಗಳಲ್ಲಿ ಎರಡು ಮೊದಲ ಸುತ್ತಿನ ಪಿಕ್‌ಗಳು ಹೋದವು. 65 ಗೆಲುವು, 135 ಅಂಕ. ಲೀಗಿನ ಇತಿಹಾಸದಲ್ಲೇ ಅಂಥ ಋತು ಇನ್ನೊಂದಿಲ್ಲ. ಮೊದಲ ಸುತ್ತಿನಲ್ಲಿ ಫ್ಲೋರಿಡಾ ಎದುರು 3-1ರಿಂದ ಮುಂದಿದ್ದು, ಏಳನೇ ಪಂದ್ಯದಲ್ಲಿ ಸೋತರು. ಕೊಂಡವರ ತಪ್ಪೇನೂ ಇರಲಿಲ್ಲ, ಬರ್ಟೂಝಿ ಆ ಏಳು ಪಂದ್ಯಗಳಲ್ಲಿ ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ ಹತ್ತು ಅಂಕ ಗಳಿಸಿದ್ದರು. ಆದರೆ ಬೇಸಗೆ ಬರುತ್ತಲೇ ಮೂವರೂ ಬೇರೆ ಬೇರೆ ತಂಡಗಳಿಗೆ ಹೋದರು, ಪಿಕ್‌ಗಳು ಮಾತ್ರ ಮರಳಿ ಬರಲಿಲ್ಲ.

ನಿಮ್ಮ ಟೊರಾಂಟೊದಲ್ಲಿಯೂ ಇದು ನಡೆದಿದೆಯಲ್ಲ. 2021ರಲ್ಲಿ ಮೊದಲ ಸುತ್ತಿನ ಪಿಕ್ ಕೊಟ್ಟು ತಂದ ನಿಕ್ ಫೊಲೀನೊ ಗಾಯದಿಂದ ಬಳಲಿ ಮಾಂಟ್ರಿಯಲ್ ಸರಣಿಯನ್ನು ಪೂರ್ತಿ ಆಡಲಾಗಲಿಲ್ಲ. ಆದ್ದರಿಂದ ಒಂದು ಪಿಕ್ ಕೊಡಿ, ಎರಡನ್ನೂ ಕೊಡಬೇಡಿ ಎಂದು ನನ್ನ ಅಭಿಪ್ರಾಯ.

ಉತ್ತರ (ಬ್ರಾಂಪ್ಟನ್ನಿನಿಂದ, 25 ಫೆಬ್ರುವರಿ)

ಸೆಂಟರ್ ಬಗ್ಗೆ ಇಷ್ಟು ಮಾತಾಯಿತು. ನನ್ನ ಪ್ರಕಾರ ಮೊದಲು ಬೇಕಾಗಿರುವವನು ಬಲಗೈ ಹೊಡೆತದ ರಕ್ಷಣಾ ಆಟಗಾರ. ಏಕೆಂದು ವಿವರವಾಗಿ ಬರೆಯುತ್ತೇನೆ.

ಐಸಿಂಗ್ ಮಾಡಿದ, ಅಂದರೆ ತನ್ನ ಅರ್ಧದಿಂದ ಪಕ್ಕನ್ನು ಎದುರಾಳಿಯ ಗೋಲು ಗೆರೆಯಾಚೆ ಹೊಡೆದು ಕಳಿಸಿದ ತಂಡ ಆಟಗಾರರನ್ನು ಬದಲಿಸುವಂತಿಲ್ಲ ಎಂಬ ನಿಯಮ ನಿಮಗೆಲ್ಲ ಗೊತ್ತು. ಈ ಚಳಿಗಾಲ ಸ್ಕೋಷಿಯಾಬ್ಯಾಂಕ್ ಅರೀನಾದ ಮೇಲಿನ ಮಹಡಿಯಲ್ಲಿ ಕುಳಿತು ನೋಡುವಾಗ ನನ್ನ ಕಣ್ಣು ಮತ್ತೆ ಮತ್ತೆ ಅಂಥ ಕ್ಷಣಗಳ ಮೇಲೆಯೇ ನೆಟ್ಟಿತ್ತು. ಒಂದು ನಿಮಿಷ ಮೀರಿ ಮಂಜಿನ ಮೇಲಿದ್ದ ಐವರು ಮೊಣಕಾಲಿನ ಮೇಲೆ ಕೈಯೂರಿ ಏದುಸಿರು ಬಿಡುತ್ತಿರುತ್ತಾರೆ, ಎದುರಾಳಿಗಳು ಹೊಸದಾಗಿ ಬಂದು ನಿಲ್ಲುತ್ತಾರೆ. ಆಟ ಮತ್ತೆ ಶುರುವಾಗುವ ಫೇಸ್‌ಆಫ್‌ನಲ್ಲಿ ಪಕ್ ಎದುರಾಳಿಗೆ ಸಿಕ್ಕರೆ ಪಕ್ ನಮ್ಮ ಗೋಲಿನ ಹಿಂಬದಿಗೆ ಹೋಗುತ್ತದೆ. ಅಲ್ಲಿಂದ ಬಲಬದಿಯ ಹಲಗೆಗುಂಟ ಬರುವ ಪಕ್ಕನ್ನು ಎಡಗೈ ಹೊಡೆತದವನು ಹಿಂಗೈಯಲ್ಲಿ ಹಿಡಿದು ತಿರುಗಬೇಕು, ತಿರುಗುವಾಗ ಬೆನ್ನು ಆಟದತ್ತ ಇರುತ್ತದೆ, ಅಷ್ಟರಲ್ಲಿ ಫೋರ್‌ಚೆಕ್ ಮಾಡುವ (ಪಕ್ ಕಸಿಯಲು ಮೇಲೆರಗುವ) ಎದುರಾಳಿ ಬಂದು ಗಾಜಿಗೆ ಒತ್ತಿರುತ್ತಾನೆ. ಬಲಗೈ ಹೊಡೆತದವನಾದರೆ ಅದನ್ನು ಮುಂಗೈಯಲ್ಲೇ ಹಿಡಿದು ಮಧ್ಯಕ್ಕೆ ನೋಡುತ್ತಲೇ ಹೊರಗೆ ಕಳಿಸಬಲ್ಲ. ವ್ಯತ್ಯಾಸ ಅರ್ಧ ಸೆಕೆಂಡಿನದು. ಏಳು ಪಂದ್ಯಗಳ ಸರಣಿಯಲ್ಲಿ ಆ ಅರ್ಧ ಸೆಕೆಂಡು ಎಷ್ಟು ಸಲ ಬರುತ್ತದೆ ಎಂದು ಯೋಚಿಸಿ.

ರಕ್ಷಣಾ ಆಟಗಾರನಿಗೆ ಯಾವಾಗಲೂ ದೊಡ್ಡ ಬೆಲೆ ತೆರಬೇಕಿಲ್ಲ. 2018ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ಮೂರನೇ ಸುತ್ತಿನ ಪಿಕ್‌ಗೆ ಷಿಕಾಗೋದಿಂದ ಮಿಖಾಲ್ ಕೆಂಪ್ನಿಯನ್ನು ತಂದು ಜಾನ್ ಕಾರ್ಲ್‌ಸನ್ ಪಕ್ಕದಲ್ಲಿ ನಿಲ್ಲಿಸಿತು, ಆ ಜೋಡಿಯೊಡನೆ ತನ್ನ ಮೊದಲ ಕಪ್ ಗೆದ್ದಿತು. 2017ರಲ್ಲಿ ಪಿಟ್ಸ್‌ಬರ್ಗ್ ಎರಡನೇ ಸುತ್ತಿನ ಪಿಕ್‌ ಮತ್ತು ಒಬ್ಬ ಕಿರಿಯ ಆಟಗಾರನನ್ನು ಕೊಟ್ಟು ರಾನ್ ಹೇನ್ಸಿಯನ್ನು ತಂದಿತು. 907 ಪಂದ್ಯ ಆಡಿದ್ದರೂ ಅವರು ಅಲ್ಲಿಯವರೆಗೆ ಒಂದೂ ಪ್ಲೇಆಫ್ ಪಂದ್ಯ ಕಂಡಿರಲಿಲ್ಲ. ಕ್ರಿಸ್ ಲೆಟಾಂಗ್ ಕುತ್ತಿಗೆಯ ತೊಂದರೆಯಿಂದ ಹೊರಗುಳಿದಾಗ ಹೇನ್ಸಿ ಭಾರ ಹೊತ್ತರು, ಕಪ್ ಎತ್ತಿದರು.

ನಮ್ಮದೇ ಉದಾಹರಣೆ ಬೇಕೆಂದರೆ 2023ರ ಲೂಕ್ ಶೆನ್. ವ್ಯಾಂಕೂವರ್‌ಗೆ ಮೂರನೇ ಸುತ್ತಿನ ಒಂದು ಪಿಕ್ ಕೊಟ್ಟದ್ದಷ್ಟೇ. ಬಲಬದಿಯಲ್ಲಿ ಅವರು ನಿಂತದ್ದರಿಂದ ರೈಲಿ ಧೈರ್ಯವಾಗಿ ಮುಂದೆ ಹೋಗಲು ಸಾಧ್ಯವಾಯಿತು. ಆ ವರ್ಷ ಪ್ಲೇಆಫ್‌ನಲ್ಲಿ ಟ್ಯಾಂಪಾ ಎದುರಿನ ಸರಣಿಯ ಮೂರನೇ ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ ಗೆಲ್ಲಿಸಿದ್ದು ರೈಲಿಯ ಗೋಲೇ.

ಸಂಬಳ ಉಳಿಸಿಕೊಳ್ಳುವ ನಿಯಮವನ್ನೂ ಮರೆಯಬಾರದು. ಮಾರುವ ತಂಡ ಆಟಗಾರನ ಸಂಬಳದ ಶೇ. 50ರವರೆಗೆ ತಾನೇ ಹೊರಬಹುದು. ನಡುವೆ ಮೂರನೆಯ ತಂಡ ಸೇರಿದರೆ ಉಳಿದುದರಲ್ಲಿ ಮತ್ತೆ ಅರ್ಧ ಕಡಿಮೆಯಾಗುತ್ತದೆ. 2021ರಲ್ಲಿ ಡೇವಿಡ್ ಸವಾರ್ಡ್‌ನ 42.5 ಲಕ್ಷ ಡಾಲರ್‌ನಲ್ಲಿ ಕೊಲಂಬಸ್ ಅರ್ಧ, ಡೆಟ್ರಾಯ್ಟ್ ಕಾಲು ಭಾಗ ಹೊತ್ತವು, ಟ್ಯಾಂಪಾ ಹೊತ್ತದ್ದು ಉಳಿದ ಕಾಲು ಭಾಗ. ನಮ್ಮ ಮೆಕೇಬ್ ಕೂಡ ಷಿಕಾಗೋ ಅರ್ಧ ಹೊತ್ತದ್ದರಿಂದ ಇಂದಿಗೂ 20 ಲಕ್ಷ ಡಾಲರ್‌ಗೆ ಆಡುತ್ತಿದ್ದಾರೆ. ಮೊದಲ ಸುತ್ತಿನ ಪಿಕ್ ಕೊಟ್ಟೆವಲ್ಲ ಎಂದು ಕೊರಗುವ ಮುನ್ನ, ಅದು ಸುಮಾರು ಎರಡು ವರ್ಷ ಕಾಲ ನಮಗೆ ಸಂಬಳ ಮಿತಿಯಲ್ಲಿ ಎಷ್ಟು ಜಾಗ ಉಳಿಸಿದೆ ಎಂಬುದನ್ನೂ ಎಣಿಸಬೇಕು.

ಪ್ರಶ್ನೆ ಕೇಳಿದವರು (25 ಫೆಬ್ರುವರಿ)

ಮೂವರಿಗೂ ಕೃತಜ್ಞತೆಗಳು. ಬ್ರಾಂಪ್ಟನ್ನಿನವರ ವಿವರಣೆ ಓದಿದ ಮೇಲೆ ನಿನ್ನೆಯವರೆಗಿನ ನನ್ನ ಅಭಿಪ್ರಾಯ ಸ್ವಲ್ಪ ಸಡಿಲವಾಗಿದೆ. ಒಂದು ವಿಷಯದಲ್ಲಿ ಮಾತ್ರ ಪಟ್ಟು ಬಿಡಲಾರೆ: ಕೋವನ್ ಅವರನ್ನು ಕೊಡಬಾರದು. ಮಾರ್ನರ್ ಮತ್ತು ಟವಾರೆಸ್ ಇಬ್ಬರ ಒಪ್ಪಂದವೂ ಈ ಜುಲೈಗೆ ಮುಗಿಯುತ್ತಿರುವಾಗ, ಮುಂದಿನ ವರ್ಷ ಕಡಿಮೆ ಸಂಬಳಕ್ಕೆ ಗೋಲು ಹೊಡೆಯಬಲ್ಲ ಹುಡುಗ ತಂಡಕ್ಕೆ ಅತ್ಯಗತ್ಯ.

ಉತ್ತರ (ಬ್ರಾಂಪ್ಟನ್ನಿನಿಂದ, 8 ಮಾರ್ಚ್)

ನಮ್ಮ ವ್ಯವಸ್ಥಾಪಕ ಬ್ರಾಡ್ ಟ್ರೆಲಿವಿಂಗ್ ಸೆಂಟರ್, ರಕ್ಷಣಾ ಆಟಗಾರ ಇಬ್ಬರನ್ನೂ ಕೊಂಡರು, ಕೋವನ್ ಅವರನ್ನು ಉಳಿಸಿಕೊಂಡರು. ಬಾಸ್ಟನ್ನಿನ ಬ್ರಾಂಡನ್ ಕಾರ್ಲೋಗಾಗಿ ಮಿಂಟೆನ್, 2026ರ ಮೊದಲ ಸುತ್ತಿನ ಷರತ್ತುಬದ್ಧ ಪಿಕ್ ಮತ್ತು ಒಂದು ನಾಲ್ಕನೇ ಸುತ್ತಿನ ಪಿಕ್ ಹೋದವು. ಲಾಟನ್‌ಗಾಗಿ ಗ್ರೆಬೆಂಕಿನ್ ಮತ್ತು 2027ರ ಮೊದಲ ಸುತ್ತಿನ ಷರತ್ತುಬದ್ಧ ಪಿಕ್ ಹೋದವು. ಫಿಲಡೆಲ್ಫಿಯಾ ಲಾಟನ್ ಸಂಬಳದ ಅರ್ಧವನ್ನು ಹೊರುವುದರಿಂದ ನಮ್ಮ ಲೆಕ್ಕಕ್ಕೆ ಬರುವುದು 15 ಲಕ್ಷ ಡಾಲರ್. ಕಾರ್ಲೋ ಆರಡಿ ಐದಂಗುಲದ, ಬಲಗೈ ಹೊಡೆತದ ರಕ್ಷಣಾ ಆಟಗಾರ. ಒಪ್ಪಂದ 2027ರವರೆಗೆ ಇದೆ. ಮಡಿಕೇರಿಯವರು ಒಂದೇ ಪಿಕ್ ಕೊಡಿ ಎಂದಿದ್ದರು, ಎರಡೂ ಹೋದವು. ಆದರೂ ಇಬ್ಬರೂ ಈ ಬೇಸಗೆಯಲ್ಲಿ ಬಿಟ್ಟು ಹೋಗುವವರಲ್ಲವಾದ್ದರಿಂದ, ಬೆಲೆ ಹೆಚ್ಚಾದರೂ ನಾನು ಒಪ್ಪುತ್ತೇನೆ. ನನ್ನನ್ನು ಕಾಡುತ್ತಿರುವುದು ಕೊನೆಯ ಗಳಿಗೆಯಲ್ಲಿ ಬಂದ ಇನ್ನೊಂದು ಸುದ್ದಿ: ಬಾಸ್ಟನ್ನಿನ ನಾಯಕ ಬ್ರಾಡ್ ಮಾರ್ಷಂಡ್ ಫ್ಲೋರಿಡಾಕ್ಕೆ ಹೋದರು, ಅದೂ ಎರಡನೇ ಸುತ್ತಿನ ಒಂದು ಷರತ್ತುಬದ್ಧ ಪಿಕ್‌ಗೆ.

ಪ್ರಶ್ನೆ ಕೇಳಿದವರು (19 ಮೇ)

ನಿನ್ನೆ ರಾತ್ರಿ ಪ್ಲೇಆಫ್ ಎರಡನೇ ಸುತ್ತಿನ ಏಳನೇ ಪಂದ್ಯದಲ್ಲಿ ಫ್ಲೋರಿಡಾ ಎದುರು 6-1ರಿಂದ ಸೋತೆವು. ಮನಸ್ಸು ಭಾರವಾಗಿದ್ದರೂ ಈ ಚರ್ಚೆಯನ್ನು ಅರ್ಧಕ್ಕೆ ಬಿಡಲು ಮನಸ್ಸಾಗದೆ ಬರೆಯುತ್ತಿದ್ದೇನೆ.

ಮೊದಲ ಸುತ್ತಿನಲ್ಲಿ ಒಟ್ಟಾವಾವನ್ನು ಆರು ಪಂದ್ಯಗಳಲ್ಲಿ ಸೋಲಿಸಿದಾಗ ನಿರ್ಣಾಯಕ ಗೋಲು ಹೊಡೆದದ್ದು ಮ್ಯಾಕ್ಸ್ ಪಾಚೊರೆಟಿ. ಅವರು ಗಡುವಿನಲ್ಲಿ ಕೊಂಡವರಲ್ಲ, ಋತುವಿನ ಆರಂಭದಿಂದ ತಂಡದಲ್ಲೇ ಇದ್ದು ಬೆಂಚಿನಾಚೆ ಕಾಯುತ್ತಿದ್ದವರು. ಫ್ಲೋರಿಡಾ ಎದುರು ಮೊದಲ ಎರಡು ಪಂದ್ಯ ಗೆದ್ದೆವು. ಮೂರನೆಯದನ್ನೂ ಗೆದ್ದಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ಹೆಚ್ಚುವರಿ ಅವಧಿಯಲ್ಲಿ ಅದನ್ನು ಕಸಿದುಕೊಂಡದ್ದು ಮಾರ್ಷಂಡ್. ನಿನ್ನೆ ಫ್ಲೋರಿಡಾದ ಮೂರನೇ ಸಾಲಿನ ಲುಂಡೆಲ್, ಲುವೊಸ್ಟಾರಿನೆನ್, ಮಾರ್ಷಂಡ್ ಮೂವರೂ ಒಂದೊಂದು ಗೋಲು ಹೊಡೆದರು. ನಾಲ್ಕನೇ ಸಾಲಿನ ಗಾಡ್ಜೋವಿಚ್ ಒಂದು. ಗಡುವಿಗೆ ಮುನ್ನ ಷಿಕಾಗೋದಿಂದ ಬಂದ ಸೇತ್ ಜೋನ್ಸ್ ಮೊದಲನೆಯದು. ನಮ್ಮ ಕಡೆಯಿಂದ ಡೋಮಿ ಒಬ್ಬರೇ.

ಕಾರ್ಲೋ ಮತ್ತು ಲಾಟನ್ ತಮಗೆ ಕೊಟ್ಟ ಕೆಲಸ ಮಾಡಿದರೆಂದೇ ನಾನು ಹೇಳುತ್ತೇನೆ. ಆದರೆ ನಾವು ಕೊಂಡದ್ದು ಗೋಲು ತಡೆಯುವವರನ್ನು. ಫ್ಲೋರಿಡಾ ತನ್ನ ಮೂರನೇ ಸಾಲಿಗೆ ಗೋಲು ಹೊಡೆಯುವವನನ್ನೇ ತಂದು ಕೂರಿಸಿತು. ಮ್ಯಾಥ್ಯೂಸ್, ಮಾರ್ನರ್ ಮೌನವಾದ ರಾತ್ರಿ ನಮ್ಮ ಕೆಳಗಿನ ಸಾಲುಗಳಲ್ಲಿ ಅಂಥವನು ಇರಲಿಲ್ಲ. ಫೆಬ್ರುವರಿಯಲ್ಲಿ ಇದೇ ಪುಟದಲ್ಲಿ ಸೆಂಟರ್ ಬೇಕು, ರಕ್ಷಣೆ ಬೇಕು ಎಂದು ಬರೆದ ನಾನು ಈ ಪ್ರಶ್ನೆಯನ್ನು ಕೇಳಲೇ ಇಲ್ಲ.

ಮಾರ್ಷಂಡ್ ವ್ಯವಹಾರದ ಷರತ್ತು ಏನೆಂದರೆ, ಅವರು ಅರ್ಧದಷ್ಟಾದರೂ ಪಂದ್ಯಗಳನ್ನು ಆಡಿ ಫ್ಲೋರಿಡಾ ಎರಡು ಸುತ್ತು ಗೆದ್ದರೆ ಬಾಸ್ಟನ್ನಿಗೆ ಸಿಗುವುದು ಎರಡನೇ ಸುತ್ತಿನ ಪಿಕ್ ಅಲ್ಲ, ಮೊದಲ ಸುತ್ತಿನದು. ಆ ಎರಡನೇ ಸುತ್ತನ್ನು ಫ್ಲೋರಿಡಾ ಗೆದ್ದದ್ದು ನಿನ್ನೆ, ನಮ್ಮದೇ ಅಂಗಳದಲ್ಲಿ.