ಸ್ಪ್ಲಿಟ್ ಪಿನ್ನಿಗೆ ‘ಕಡೆಗೀಲು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹೋದ ವಾರ ತಮ್ಮನ ಲಾರಿ ಶಿರಾಡಿ ಘಾಟಿ ಹತ್ತಿ ಬರುವಾಗ ಹಿಂದಿನ ಕಮಾನು ಪಟ್ಟಿ ಮುರಿಯಿತು. ಹಾಸನದ ಬಿ.ಎಂ. ರಸ್ತೆ ಬದಿಯ ಗ್ಯಾರೇಜಿನಲ್ಲಿ ಇಡೀ ದಿನ ಕೂತಿದ್ದೆ. ಹೊಸ ಪಟ್ಟಿ ಸೇರಿಸಿ, ಸೆಂಟರ್ ಬೋಲ್ಟ್ ಹಾಕಿ, ಯು ಬೋಲ್ಟ್ ಬಿಗಿಯುವ ಭಾರದ ಕೆಲಸವೆಲ್ಲ ಊಟದ ಹೊತ್ತಿಗೇ ಮುಗಿದಿತ್ತು. ಅಲ್ಲಿಂದ ಸಂಜೆಯವರೆಗೆ ಮೇಸ್ತ್ರಿಯನ್ನೂ ಹುಡುಗನನ್ನೂ ಕಾಡಿದ್ದು ಬೆರಳುದ್ದದ ಒಂದು ಸ್ಪ್ಲಿಟ್ ಪಿನ್ನು, ಅಂದರೆ ನಟ್ಟು ಬಿಚ್ಚಿಕೊಳ್ಳದ ಹಾಗೆ ತೂರಿಸುವ ಎರಡೆಳೆಯ ತಂತಿ ಕೀಲು. ನನ್ನ ಪ್ರಶ್ನೆ ಅದರ ಹೆಸರಿನದು. ಆದರೆ ವಸ್ತು ಕಣ್ಣ ಮುಂದೆ ಇರಲಿ ಅಂತ ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ.

ಕಮಾನು ಪಟ್ಟಿಯ ತುದಿಯನ್ನು ಚಾಸಿಗೆ, ಅಂದರೆ ಲಾರಿಯ ಅಡಿಚೌಕಟ್ಟಿಗೆ, ಜೋಡಿಸುವ ಶ್ಯಾಕಲ್ ಪಿನ್ನಿನ ತುದಿಗೆ ಒಂದು ನಟ್ಟು ಬರುತ್ತದೆ. ಕೋಟೆಯ ತೆನೆಗಳ ಹಾಗೆ ಅದರ ತಲೆಯ ಸುತ್ತ ಆರು ಕಚ್ಚು. ಅದಕ್ಕೂ ಚಾಸಿಗೂ ನಡುವೆ ಎರಡು ಬೆರಳು ತೂರುವಷ್ಟೇ ಜಾಗ, ನೋಡಿ ಹಾಕೋಣವೆಂದರೆ ಏನೂ ಕಾಣುವುದಿಲ್ಲ. ಹುಡುಗ ವಾಷರಿಗೆ ಗ್ರೀಸ್ ಮೆತ್ತಿ ತೋರುಬೆರಳ ತುದಿಗೆ ಅಂಟಿಸಿಕೊಂಡು ಒಳಗೆ ಕಳಿಸಿದ. ಎರಡು ಸಲ ಬಿತ್ತು, ಮೂರನೆಯ ಸಲ ಕೂತಿತು. ನಟ್ಟು ಅಡ್ಡ ಹತ್ತಿತು, ಅಂದರೆ ಥ್ರೆಡ್ಡಿಗೆ ಥ್ರೆಡ್ಡು ಕೂಡದೆ ಓರೆಯಾಗಿ ಸಿಕ್ಕಿಕೊಂಡಿತು. ಬಿಚ್ಚಿ, ಮೊದಲು ಎಡಕ್ಕೆ ತಿರುಗಿಸುತ್ತಾ ಹೋಗಿ, ಥ್ರೆಡ್ಡು ಟಕ್ಕೆಂದು ಕೆಳಗಿಳಿದದ್ದು ಬೆರಳಿಗೆ ತಿಳಿದ ಮೇಲೆ ಬಲಕ್ಕೆ ತಿರುಗಿಸಿದ. ಆಗ ಹಿಡಿಯಿತು.

ಬಿಗಿದಾದ ಮೇಲೆ ಅವನ ದನಿ ಬಂತು: “ಕಣ್ಣು ಕೂಡ್ತಿಲ್ಲ ಕಣಣ್ಣ.” ಮೇಸ್ತ್ರಿ ಕೂತಲ್ಲಿಂದಲೇ, “ಸಡಿಲ ಮಾಡ್ಬ್ಯಾಡ ಕಣ್ಲಾ, ಇನ್ನೊಂದು ಚೂರು ಬಿಗಿ” ಅಂದರು.

ಶ್ಯಾಕಲ್ ಪಿನ್ನಿಗೆ ಅಡ್ಡಲಾಗಿ ಒಂದು ತೂತು. ನಟ್ಟಿನ ಎದುರುಬದುರು ಕಚ್ಚುಗಳು ಆ ತೂತಿನ ನೇರಕ್ಕೆ ಬಂದರೆ ಮಾತ್ರ ಸ್ಪ್ಲಿಟ್ ಪಿನ್ನು ತೂರುತ್ತದೆ. ಆರು ಕಚ್ಚಾದ್ದರಿಂದ ಪ್ರತಿ 60 ಡಿಗ್ರಿಗೊಮ್ಮೆ ನೇರ ಸಿಗುತ್ತದೆ. ಸಿಗದಿದ್ದಾಗ ಹಿಂದಕ್ಕೆ ಬಿಟ್ಟರೆ ಬಿಗಿ ಹೋಗುತ್ತದೆ, ಅದಕ್ಕೇ ಮುಂದಕ್ಕೆ ಒತ್ತಬೇಕು. ಈ ‘ಕಣ್ಣು ಕೂಡೋದು’ ನನಗೆ ಬಹಳ ಹಿಡಿಸಿತು. ಸೂಜಿಗೆ ಕಣ್ಣು, ತೆಂಗಿನಕಾಯಿಗೆ ಕಣ್ಣು, ಇಲ್ಲಿ ತೂತೂ ಕಣ್ಣೇ. ಪಿನ್ನಿನ ಎರಡು ಎಳೆಗಳಿಗೆ ‘ಕಾಲು’ ಅಂದರು. ತೂರಿಸಿದ ಮೇಲೆ ‘ಕಾಲು ಅಗಲಿಸಬೇಕು’. ಒಂದು ಕಾಲು ಚೂರು ಉದ್ದ ಇರುವುದು ಅದಕ್ಕೇ, ಇಕ್ಕಳದ ಮೂತಿಗೆ ಸಿಗಲಿ ಅಂತ. ಇಷ್ಟಾಗುವಾಗ ಪಿನ್ನು ಕೈಜಾರಿ ಚಾಸಿಯ ಒಳಗಡೆ ಬಿತ್ತು. ದಾರಕ್ಕೆ ಕಟ್ಟಿದ ಆಯಸ್ಕಾಂತ ಇಳಿಸಿ ತೆಗೆದರೆ ಬಂದದ್ದು ಹಳೆಯ ಪಿನ್ನು. ಅದನ್ನೇ ನೆಟ್ಟಗೆ ಮಾಡಿ ಹಾಕೋಣವೇ ಅಂತ ಹುಡುಗ ಕೇಳಿದ್ದಕ್ಕೆ ಮೇಸ್ತ್ರಿ ಒಪ್ಪಲಿಲ್ಲ. ಒಮ್ಮೆ ಬಗ್ಗಿದ ಕಾಲು ಮತ್ತೆ ಬಗ್ಗಿಸಿದರೆ ಮುರಿಯುತ್ತದೆ, ಹೊಸದನ್ನೇ ತರಿಸಿದರು.

ಗ್ಯಾರೇಜಿನ ಹುಡುಗರಿಗಾಗಿ ಕನ್ನಡದಲ್ಲಿ ಬಿಡಿಭಾಗಗಳ ಹೆಸರಿನ ಒಂದು ಕೈಬರಹದ ಪಟ್ಟಿ ಮಾಡಿಕೊಡುತ್ತೇನೆ ಅಂತ ಮೇಸ್ತ್ರಿಗೆ ಮಾತು ಕೊಟ್ಟು ಬಂದಿದ್ದೇನೆ. ಸ್ಪ್ಲಿಟ್ ಪಿನ್ನಿನ ಮುಂದೆ ಏನು ಬರೆಯಲಿ?

ನನಗೆ ಹೊಳೆದದ್ದು ‘ಕಡೆಗೀಲು’. ಎತ್ತಿನಗಾಡಿಯ ಚಕ್ರ ಕಳಚದ ಹಾಗೆ ಅಚ್ಚಿನ ತುದಿಗೆ ಹಾಕುವ ಕೀಲು. ಕಡೆ, ಕೀಲು ಸೇರಿ ಕಕಾರ ಗಕಾರವಾಗಿದೆ. ಇದರ ಜೋಡಿ ‘ಕಡೆಯಾಣಿ’, ಬಾಯಲ್ಲಿ ಸವೆದು ‘ಕಡಾಣಿ’. ಸಂಸ್ಕೃತದಲ್ಲೂ ಆಣಿಯೆಂದರೆ ಅಚ್ಚಿನ ತುದಿಯ ಕೀಲೇ. ಪದ ಎಷ್ಟು ಹಳೆಯದೆಂದರೆ ಜೇಡರ ದಾಸಿಮಯ್ಯ ‘ಕಡೆಗೀಲಿಲ್ಲದ ಬಂಡಿ ಹೊಡೆಗೆಡೆಯದೆ ಮಾಣ್ಬುದೆ’ ಎಂದು ಕೇಳಿದ್ದಾನೆ. ಕಡೆಗೀಲಿಲ್ಲದ ಗಾಡಿ ಮಗುಚದೆ ಇದ್ದೀತೇ ಎಂಬ ಆ ಮಾತು ನಮ್ಮ ಲಾರಿಯ ಅಡಿಯಲ್ಲಿ ಕೂತು ನೋಡಿದವನಿಗೆ ನೇರವಾಗಿ ನಾಟುತ್ತದೆ.

ಒಂದು ತೊಡಕಿದೆ. ಗಾಡಿಯ ಕಡೆಗೀಲು ಚಕ್ರದ ತಳ್ಳನ್ನು ತಾನೇ ತಡೆಯುತ್ತದೆ. ಸ್ಪ್ಲಿಟ್ ಪಿನ್ನು ಹಾಗಲ್ಲ, ಭಾರ ನಟ್ಟಿನದು, ನಟ್ಟು ತಿರುಗಿ ಬಿಚ್ಚಿಕೊಳ್ಳದ ಹಾಗೆ ಕಾಯುವುದಷ್ಟೇ ಪಿನ್ನಿನದು. ಕೆಲಸ ಬೇರೆಯಾದರೆ ಹೆಸರು ಒಂದೇ ಇರಬಹುದೇ? ಇರಬಹುದು ಅಂತಲೇ ನನ್ನ ಒಲವು, ಎರಡೂ ತುದಿಯಲ್ಲಿ ಕೂತು ಕಳಚಿ ಹೋಗುವುದನ್ನು ತಡೆಯುತ್ತವೆ. ‘ಸೀಳುಗೀಲು’ ಅಂತ ಹೊಸದಾಗಿ ಕಟ್ಟಬಹುದು, ರೂಪಕ್ಕೆ ಒಪ್ಪುತ್ತದೆ. ಆದರೆ ಯಾರ ಬಾಯಲ್ಲೂ ಇಲ್ಲದ ಪದವನ್ನು ಗ್ರೀಸ್ ಮೆತ್ತಿದ ಕೈಗೆ ಕೊಡಲು ಮನಸ್ಸು ಬರುತ್ತಿಲ್ಲ.

ಬೇಲೂರು, ಮೂಡಿಗೆರೆ, ಕಡೂರು ಕಡೆಯವರು ಯಾರಾದರೂ ಇದ್ದರೆ ತಿಳಿಸಿ: ನಿಮ್ಮಲ್ಲಿ ಗಾಡಿ ಮಾಡುವ ಆಚಾರಿಗಳು ಈಗಲೂ ಕಡಾಣಿ ಅನ್ನುತ್ತಾರೆಯೇ? ಲಾರಿ, ಟ್ರ್ಯಾಕ್ಟರ್ ರಿಪೇರಿಯವರ ಬಾಯಲ್ಲಿ ಆ ಪದ ಸ್ಪ್ಲಿಟ್ ಪಿನ್ನಿಗೆ ಬಂದದ್ದನ್ನು ಕೇಳಿದ್ದೀರಾ? ನಟ್ಟು ‘ಅಡ್ಡ ಹತ್ತೋದಕ್ಕೆ’ ಬೇರೆ ಮಾತಿದ್ದರೆ ಅದನ್ನೂ ಬರೆಯಿರಿ.