ಜನವರಿಯಲ್ಲಿ ಅಪ್ಪ ಅಮ್ಮ ಮಿನಿಯಾಪೊಲಿಸ್‌ಗೆ ಬಂದಿದ್ದಾರೆ, ಈ ವಾರದ ಚಳಿಗೆ ಏನೇನು ತಯಾರಿ ಬೇಕು?

ಪ್ರಶ್ನೆ

ಬಾಣಂತನಕ್ಕೆ ಅಂತ ಅಪ್ಪ ಅಮ್ಮ ತಿಪಟೂರಿನಿಂದ ಬಂದು ಹತ್ತು ದಿನ ಆಯಿತು. ನಮಗೂ ಇಲ್ಲಿ ಇದೇ ಮೊದಲ ಚಳಿಗಾಲ. ಮಂಗಳವಾರ ಬೆಳಗ್ಗೆ ಮೈನಸ್ 25 ಡಿಗ್ರಿ ಸೆಲ್ಸಿಯಸ್, ಗಂಟೆಗೆ 30 ಕಿ.ಮೀ. ಗಾಳಿ, ವಿಂಡ್ ಚಿಲ್ (ಗಾಳಿಯೂ ಸೇರಿ ಮೈಗೆ ತಟ್ಟುವ ಚಳಿ) ಮೈನಸ್ 39 ಅಂತ ಫೋನ್ ತೋರಿಸುತ್ತಿದೆ. ಅಪ್ಪನಿಗೆ 68 ವರ್ಷ, ಬಿಪಿ ಇದೆ. ಊರಲ್ಲಿ ದಿನಾ ಬೆಳಗ್ಗೆ ಆರಕ್ಕೆ ವಾಕಿಂಗ್ ಹೋಗುವವರು. "ಮಂಕಿ ಕ್ಯಾಪ್ ಇದೆಯಲ್ಲ, ಒಂದು ಸುತ್ತು ಹೋಗಿ ಬರ್ತೀನಿ" ಅನ್ನುತ್ತಾರೆ. ಹೇಗೆ ತಡೆಯಲಿ? ಬುಧವಾರ ಮಗುವಿನ ಚೆಕಪ್ ಬೇರೆ ಇದೆ.

ಉತ್ತರ 1

ನಾನಿಲ್ಲಿ 14 ವರ್ಷದಿಂದ ಇದ್ದೇನೆ. ದಯವಿಟ್ಟು ಅಪ್ಪನನ್ನು ಮಂಗಳವಾರ ಹೊರಗೆ ಬಿಡಬೇಡಿ.

ಬಿಸಿ ಕಾಫಿಯನ್ನು ಬಸಿಗೆ ಹಾಕಿ ಊದುತ್ತೇವಲ್ಲ, ಗಾಳಿ ನಮ್ಮ ಮೈಗೆ ಮಾಡುವುದೂ ಅದನ್ನೇ. ಚರ್ಮದ ಸುತ್ತ ಬೆಚ್ಚಗಿನ ಗಾಳಿಯ ತೆಳು ಪದರ ಇರುತ್ತದೆ, ಬೀಸುವ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಮೈನಸ್ 39ರ ವಿಂಡ್ ಚಿಲ್‌ನಲ್ಲಿ ತೆರೆದ ಚರ್ಮ ಮರಗಟ್ಟಲು ಹತ್ತು ಹದಿನೈದು ನಿಮಿಷ ಸಾಕು.

ಅಪ್ಪನಿಗೆ ನನ್ನ ಕಿವಿಯ ಕಥೆ ಹೇಳಿ. ಮೊದಲ ವರ್ಷ ಟೋಪಿ ಇಲ್ಲದೆ ಪೆಟ್ರೋಲ್ ಹಾಕಿಸಲು ಇಳಿದೆ. ಪಂಪ್ ಕೈಕೊಟ್ಟಿತು, ಒಳಗೆ ಹೋಗಿ ದುಡ್ಡು ಕಟ್ಟಿ ಬಂದೆ. ಮೊದಲು ಕಿವಿ ಉರಿಯಿತು. ಆಮೇಲೆ ಉರಿ ನಿಂತಿತು, ಅಭ್ಯಾಸ ಆಯಿತು ಅಂದುಕೊಂಡೆ. ಕಾರಿನ ಕನ್ನಡಿಯಲ್ಲಿ ನೋಡಿದರೆ ಕಿವಿಯ ತುದಿ ಮೇಣದ ಹಾಗೆ ಬೆಳ್ಳಗಾಗಿತ್ತು, ಮುಟ್ಟಿದರೆ ನನ್ನದೇ ಅನ್ನಿಸಲಿಲ್ಲ. ಮನೆಗೆ ಬಂದು ಬೆಚ್ಚಗಾದ ಮೇಲೆ ಬಂದ ನೋವಿಗೆ ಕಣ್ಣಲ್ಲಿ ನೀರು ಬಂತು. ಇವತ್ತಿಗೂ ನವೆಂಬರ್ ಬಂದರೆ ಆ ಕಿವಿ ಮೊದಲು ನೋಯುತ್ತದೆ. ನೋವು ನಿಂತಾಗಲೇ ಭಯಪಡಬೇಕು. ನಮ್ಮ ಊರಿನವರಿಗೆ ಇದು ಗೊತ್ತಿರುವುದಿಲ್ಲ.

ಹಾಗೇನಾದರೂ ಆದರೆ ಉಜ್ಜಬೇಡಿ, ಹೀಟರ್ ಮುಂದೆ ಹಿಡಿಯಬೇಡಿ. 37ರಿಂದ 40 ಡಿಗ್ರಿಯ ನೀರಿನಲ್ಲಿ ಅದ್ದಿ. ಸ್ಪರ್ಶ ವಾಪಸ್ ಬರದಿದ್ದರೆ, ಬೊಬ್ಬೆ ಎದ್ದರೆ ಆಸ್ಪತ್ರೆಗೆ ಹೋಗಿ.

ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುತ್ತದೆ. ಹಾಗಾಗಿ ಬಾಗಿಲ ಮುಂದಿನ ಹಿಮ ಎತ್ತಲು ಅಪ್ಪನಿಗೆ ಸಲಿಕೆ ಕೊಡಲೇಬೇಡಿ. ಮನೇಲಿ ಸುಮ್ನೆ ಕೂರೋಕೆ ಬೇಜಾರಾದರೆ ಬ್ಲೂಮಿಂಗ್ಟನ್‌ನ ಮಾಲ್ ಆಫ್ ಅಮೆರಿಕಾಗೆ ಕರೆದುಕೊಂಡು ಹೋಗಿ, ವಯಸ್ಸಾದವರು ಎಷ್ಟೋ ಜನ ಅಲ್ಲೇ ನಡೆಯುತ್ತಾರೆ. ಡೌನ್‌ಟೌನ್‌ನ ಸ್ಕೈವೇ, ಅಂದರೆ ಕಟ್ಟಡದಿಂದ ಕಟ್ಟಡಕ್ಕೆ ಇರುವ ಮುಚ್ಚಿದ ಮೇಲುಸೇತುವೆ ದಾರಿ ಕೂಡ ಚೆನ್ನ.

ಅಮ್ಮನಿಗೆ ಕಾಟನ್ ಸಾಕ್ಸ್ ಬೇಡ, ಬೆವರು ಹೀರಿ ಒದ್ದೆಯಾಗಿ ತಣ್ಣಗಾಗುತ್ತದೆ, ಉಣ್ಣೆಯದ್ದೇ ಕೊಡಿಸಿ. ಬೂಟ್ ಒಂದು ಸೈಜ್ ದೊಡ್ಡದಿರಲಿ, ಬಿಗಿಯಾದರೆ ರಕ್ತ ಓಡುವುದಿಲ್ಲ. ಹೊರಗೆ ಹೋಗಲೇಬೇಕಾದರೆ ಸೀರೆಯ ಒಳಗೆ ಥರ್ಮಲ್ ಪ್ಯಾಂಟ್. ಕಿವಿಯ ಓಲೆ ತೆಗೆದಿಡಲಿ, ಲೋಹ ಬೇಗ ತಣ್ಣಗಾಗುತ್ತದೆ. ಬೆರಳು ಬಿಡಿಬಿಡಿ ಇರುವ ಗ್ಲೌಸ್‌ಗಿಂತ ನಾಲ್ಕೂ ಬೆರಳು ಒಟ್ಟಿಗೆ ಇರುವ ಮಿಟನ್ ಬೆಚ್ಚಗಿರುತ್ತದೆ.

ಉತ್ತರ 2

ಮಗುವಿನ ಚೆಕಪ್ ಬಗ್ಗೆ ಒಂದು ಮಾತು. ದಪ್ಪ ಜಾಕೆಟ್ ಹಾಕಿ ಕಾರ್ ಸೀಟ್‌ನ ಬೆಲ್ಟ್ ಕಟ್ಟಬೇಡಿ, ಅಪಘಾತದಲ್ಲಿ ಜಾಕೆಟ್ ಅದುಮಿ ಬೆಲ್ಟ್ ಸಡಿಲವಾಗುತ್ತದೆ. ಬೆಲ್ಟ್ ಕಟ್ಟಿ ಮೇಲೆ ಕಂಬಳಿ ಹೊದಿಸಿ, ಮುಖ ಮಾತ್ರ ಮುಚ್ಚಬೇಡಿ.

ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಆಗದಿರಲಿ. ಹಿಮದಲ್ಲಿ ಸಿಕ್ಕಿಕೊಂಡರೆ ಎಂಜಿನ್ ಹಾಕುವ ಮುಂಚೆ ಸೈಲೆನ್ಸರ್ ಪೈಪ್ ಹಿಮದಿಂದ ಮುಚ್ಚಿದೆಯಾ ನೋಡಿ, ಮುಚ್ಚಿದ್ದರೆ ವಿಷಗಾಳಿ ಕಾರಿನ ಒಳಗೆ ಬರುತ್ತದೆ. ಹೊರಗೋಡೆಯ ಪಕ್ಕದ ಸಿಂಕ್‌ನ ಕೆಳಗಿನ ಬಾಗಿಲು ತೆರೆದಿಟ್ಟು, ನಲ್ಲಿ ಸಣ್ಣಗೆ ತೊಟ್ಟಿಕ್ಕಲು ಬಿಡಿ. ನೀರು ಹೆಪ್ಪುಗಟ್ಟಿದರೆ ಪೈಪ್ ಒಡೆಯುತ್ತದೆ.

ಪ್ರಶ್ನೆ ಕೇಳಿದವರು

ಕಿವಿಯ ಕಥೆ ಓದಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ?" ಅಂತ ಕೇಳಿದರು. ಊರಿಂದ ಎರಡು ಲೀಟರ್ ತಂದಿದ್ದಾರೆ.

ಉತ್ತರ 1

ಚರ್ಮ ಒಡೆಯದಿರಲು ಹಚ್ಚಲಿ, ತುಂಬಾ ಒಳ್ಳೆಯದು. ಆದರೆ ಎಣ್ಣೆ ಚಳಿ ತಡೆಯುವುದಿಲ್ಲ, ಹಚ್ಚಿದೆ ಅನ್ನೋ ಧೈರ್ಯದಲ್ಲಿ ಜನ ಮುಖ ಮುಚ್ಚದೆ ಹೋಗಿಬಿಡುತ್ತಾರೆ. ಶನಿವಾರ ನಾನೂ ಮಾಲ್‌ಗೆ ಬರುತ್ತೇನೆ. ಅಪ್ಪನ ಜೊತೆ ಎರಡು ಸುತ್ತು ನಡೆದು, ಕಿವಿ ತೋರಿಸುತ್ತೇನೆ.